ಬಿಎಂಐ 24.7 ಇದ್ದರೆ ನಾರ್ಮಲ್ಲಾ? ನಮ್ಮವರ ಗೆರೆ 25 ಅಲ್ಲ, 23



ಶಾರ್ಜಾದಲ್ಲಿ ಕೆಲವು ವರ್ಷ ಲೆಕ್ಕ ಬರೆದು, ಈಗ ಲಂಡನ್ನಿನ ಹೌನ್ಸ್ಲೋದಲ್ಲಿ ಅದೇ ಕೆಲಸ ಮಾಡಿಕೊಂಡಿರುವವನು ನಾನು. ಡಾಕ್ಟರ್ ಅಲ್ಲ, ಬಿ.ಕಾಂ. ಓದಿದವನು. ಆದರೂ ಈ ಸಲ ಆರೋಗ್ಯದ ವಿಷಯ ಬರೆಯುತ್ತಿದ್ದೇನೆ. ಯಾಕೆಂದರೆ ಇದರಲ್ಲಿ ಒಂದು ಲೆಕ್ಕ ಉಂಟು, ಆ ಲೆಕ್ಕದಲ್ಲಿ ನಾನೇ ಹಲವು ವರ್ಷ ತಪ್ಪಿದ್ದೆ.

ಇಂಗ್ಲೆಂಡಿನಲ್ಲಿ 40ರಿಂದ 74 ವರ್ಷದೊಳಗಿನವರಿಗೆ ಐದು ವರ್ಷಕ್ಕೊಮ್ಮೆ ಎನ್‌ಎಚ್‌ಎಸ್‌ನವರು ಉಚಿತ ಆರೋಗ್ಯ ತಪಾಸಣೆ ಮಾಡುತ್ತಾರೆ. ನನಗೂ ಕಾಗದ ಬಂತು, ಹೋದೆ. ಅಲ್ಲಿದ್ದ ನರ್ಸ್ ಕೇರಳದ ಕಡೆಯವರು. ಎತ್ತರ ನೋಡಿದರು, 170 ಸೆಂಟಿಮೀಟರ್. ತೂಕ 71.5 ಕಿಲೋ. ಕಂಪ್ಯೂಟರಿಗೆ ಹಾಕಿ, "ಬಿಎಂಐ 24.7" ಅಂದರು.

"ಹಾಗಾದ್ರೆ ನಾರ್ಮಲ್ ಅಲ್ವಾ? 25ರ ಒಳಗಿದೆ" ಅಂದೆ.

"ಆ 25 ನಿಮಗಲ್ಲ ಸರ್, ನನಗೂ ಅಲ್ಲ. ನಮ್ಮವರಿಗೆ 23" ಅಂದರು. ಆಮೇಲೆ ಟೇಪು ತೆಗೆದು ಸೊಂಟ ಅಳೆದರು, 94 ಸೆಂಟಿಮೀಟರ್. ರಕ್ತ ಪರೀಕ್ಷೆಗೂ ಬರೆದರು. ವಾರದ ನಂತರ ರಿಪೋರ್ಟ್ ಬಂತು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಬಾಗಿಲ ಹತ್ತಿರ ನಿಂತಿದೆ. ಮೊಬೈಲಿನ ಆ್ಯಪಿನಲ್ಲಿ ವರ್ಷಗಟ್ಟಲೆ ಹಸಿರು ಬಣ್ಣ ನೋಡಿ ಖುಷಿಯಾಗಿದ್ದವನ ಕಥೆ ಇದು. ಇದನ್ನು ಓದುವ ಎಷ್ಟೋ ಜನರ ಮೊಬೈಲಿನಲ್ಲೂ ಅದೇ ಹಸಿರು ಇರಬಹುದು. ಅದಕ್ಕೇ ಈ ಬರಹ.

ಮೊದಲು ಲೆಕ್ಕ ಮಾಡುವುದು ಹೇಗೆ?

ಬಿಎಂಐ ಅಂದರೆ ಬಾಡಿ ಮಾಸ್ ಇಂಡೆಕ್ಸ್. ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ತೋರಿಸುವ ಒಂದು ಅನುಪಾತ. ಸೂತ್ರ ಸುಲಭ: ತೂಕವನ್ನು ಕಿಲೋದಲ್ಲಿ ತೆಗೆದುಕೊಳ್ಳಿ. ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರಿಂದಲೇ ಗುಣಿಸಿ. ತೂಕವನ್ನು ಆ ಗುಣಲಬ್ಧದಿಂದ ಭಾಗಿಸಿ.

ನನ್ನದೇ ಉದಾಹರಣೆ. ಎತ್ತರ 1.70 ಮೀಟರ್. 1.70 × 1.70 = 2.89. ತೂಕ 71.5. ಈಗ 71.5 ÷ 2.89 = 24.7. ಅಷ್ಟೇ. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

ನಮ್ಮಲ್ಲಿ ಹೆಚ್ಚಿನವರಿಗೆ ಎತ್ತರ ಗೊತ್ತಿರುವುದು ಅಡಿ-ಇಂಚಿನಲ್ಲಿ. ಒಂದು ಇಂಚಿಗೆ 2.54 ಸೆಂಟಿಮೀಟರ್. 5 ಅಡಿ 6 ಇಂಚು ಅಂದರೆ 66 ಇಂಚು, 66 × 2.54 = 167.6 ಸೆಂಟಿಮೀಟರ್, ಅಂದರೆ 1.676 ಮೀಟರ್. ಇಲ್ಲಿ ಒಂದು ತಪ್ಪು ತುಂಬಾ ಜನ ಮಾಡುತ್ತಾರೆ: 5 ಅಡಿ 6 ಇಂಚನ್ನು 5.6 ಅಡಿ ಅಂತ ಹಾಕಿ 30.48ರಿಂದ ಗುಣಿಸುತ್ತಾರೆ. ಹಾಗೆ ಮಾಡಿದರೆ 170.7 ಬರುತ್ತದೆ. ಮೂರು ಸೆಂಟಿಮೀಟರ್ ಪುಕ್ಕಟೆ ಎತ್ತರ, ಬಿಎಂಐ ಸುಮಾರು ಒಂದು ಪಾಯಿಂಟ್ ಕಡಿಮೆ! ಅಡಿಗೆ ಹನ್ನೆರಡು ಇಂಚು ಅನ್ನುವುದನ್ನು ಮರೆಯಬೇಡಿ. ಲಂಡನ್ನಿನಲ್ಲಿ ಹಳೇ ಕಾಲದವರು ತೂಕವನ್ನು ಸ್ಟೋನ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಸ್ಟೋನ್ ಅಂದರೆ 14 ಪೌಂಡ್, ಅಂದರೆ 6.35 ಕಿಲೋ. ಇಲ್ಲಿರುವ ಸಂಬಂಧಿಕರು "ನಾನು 11 ಸ್ಟೋನ್" ಅಂದರೆ ಗಾಬರಿಯಾಗಬೇಡಿ, ಅದು ಹತ್ತಿರ ಹತ್ತಿರ 70 ಕಿಲೋ.

ತೂಕವನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಶೂ ಬಿಚ್ಚಿ ನೋಡಿ. ಎತ್ತರವನ್ನೂ ಶೂ ಬಿಚ್ಚಿ, ಹಿಮ್ಮಡಿ ಗೋಡೆಗೆ ತಾಗಿಸಿ ಅಳೆಯಿರಿ. ಪಾಸ್‌ಪೋರ್ಟ್ ಮಾಡಿಸಿದ ಕಾಲದ ಎತ್ತರವನ್ನು ನಂಬಬೇಡಿ.

ಈ ಸೂತ್ರ ಬಂದದ್ದು ಎಲ್ಲಿಂದ?

ಇದನ್ನು ಮೊದಲು ಕಂಡುಕೊಂಡದ್ದು ವೈದ್ಯರಲ್ಲ. 1830ರ ದಶಕದಲ್ಲಿ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಎಂಬ ಗಣಿತಜ್ಞ, ಖಗೋಳಶಾಸ್ತ್ರಜ್ಞ ಮನುಷ್ಯರ ಸರಾಸರಿ ಅಳತೆಗಳನ್ನು ಲೆಕ್ಕ ಹಾಕುತ್ತಿದ್ದಾಗ, ದೊಡ್ಡವರ ತೂಕ ಎತ್ತರದ ವರ್ಗಕ್ಕೆ ಹೊಂದಿಕೊಂಡು ಹೋಗುತ್ತದೆ ಎಂದು ಗಮನಿಸಿದ. ಅವನಿಗೆ ಬೇಕಾಗಿದ್ದದ್ದು ಸಮಾಜದ ಸರಾಸರಿ, ಒಬ್ಬೊಬ್ಬರ ಆರೋಗ್ಯ ಅಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಇದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂಬ ಹೆಸರು ಕೊಟ್ಟರು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಎಲ್ಲ ಕಡೆ ಬಳಕೆಗೆ ಬಂತು: 18.5ಕ್ಕಿಂತ ಕಡಿಮೆ ಇದ್ದರೆ ತೂಕ ಕಡಿಮೆ, 18.5ರಿಂದ 24.9 ಸರಿ, 25ರಿಂದ 29.9 ಹೆಚ್ಚು, 30 ದಾಟಿದರೆ ಬೊಜ್ಜು.

ಈ 25 ಮತ್ತು 30ರ ಗೆರೆಗಳನ್ನು ಎಳೆದದ್ದು ಮುಖ್ಯವಾಗಿ ಯುರೋಪು, ಅಮೆರಿಕದ ಬಿಳಿಯರ ಅಂಕಿಅಂಶ ನೋಡಿ. ಅಕೌಂಟ್ಸ್ ಮಾಡುವವರಿಗೆ ಇದು ಬೇಗ ಅರ್ಥವಾದೀತು. ಸೂಪರ್ ಮಾರ್ಕೆಟಿನ ಲಾಭದ ಅನುಪಾತ ಹಿಡಿದುಕೊಂಡು ಆಸ್ಪತ್ರೆಯ ಲೆಕ್ಕ ಅಳೆಯಲಾಗುವುದಿಲ್ಲ. ಸೂತ್ರ ಒಂದೇ, ಹೋಲಿಸುವ ಗೆರೆ ಬೇರೆ.

ಸೌತಾಲ್‌ನ ಕಾರ್ಖಾನೆ ಕಾರ್ಮಿಕರು ಕಲಿಸಿದ ಪಾಠ

ನಮ್ಮವರಿಗೆ ಗೆರೆ ಬೇರೆ ಅಂತ ತೋರಿಸಿದ್ದರಲ್ಲಿ ಲಂಡನ್ನಿನ ಪಾಲು ದೊಡ್ಡದು. ಹೌನ್ಸ್ಲೋದಿಂದ ಬಸ್ಸಿನಲ್ಲಿ ಹೋಗುವಷ್ಟು ಹತ್ತಿರ ಸೌತಾಲ್ ಉಂಟು. ಪಂಜಾಬಿನಿಂದ ಬಂದವರು ಕಾರ್ಖಾನೆಗಳಲ್ಲಿ ದುಡಿದು ನೆಲೆಸಿದ ಊರು. 1980ರ ದಶಕದ ಕೊನೆಯಲ್ಲಿ ಪಶ್ಚಿಮ ಲಂಡನ್ನಿನ ಕಾರ್ಖಾನೆ ಕಾರ್ಮಿಕರನ್ನೂ ಡಾಕ್ಟರ ಪಟ್ಟಿಯಲ್ಲಿದ್ದ ಸಾಮಾನ್ಯ ಜನರನ್ನೂ ಸೇರಿಸಿ ದೊಡ್ಡ ಅಧ್ಯಯನ ನಡೆಯಿತು. 40ರಿಂದ 69 ವರ್ಷದ 3,193 ಗಂಡಸರು, 561 ಹೆಂಗಸರು. ಪಾಲ್ ಮೆಕೀಗ್ ಮತ್ತು ಸಂಗಡಿಗರು 1991ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ದಕ್ಷಿಣ ಏಷ್ಯಾದವರಲ್ಲಿ ನೂರಕ್ಕೆ 19 ಮಂದಿಗೆ ಸಕ್ಕರೆ ಕಾಯಿಲೆ, ಬಿಳಿಯರಲ್ಲಿ ನೂರಕ್ಕೆ 4. ಗಂಡಸರ ಸರಾಸರಿ ಬಿಎಂಐ ನೋಡಿದರೆ ಎರಡು ಗುಂಪಿನ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಹೊಟ್ಟೆಯ ಭಾಗದ ಕೊಬ್ಬಿನಲ್ಲಿ.

2004ರಲ್ಲಿ ಅದೇ ಪತ್ರಿಕೆಯಲ್ಲಿ ಇನ್ನೊಂದು ಸ್ವಾರಸ್ಯದ ಲೇಖನ ಬಂತು. ಬರೆದವರು ಇಬ್ಬರು ಡಾಕ್ಟರು: ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ ಯಾಜ್ಞಿಕ್, ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರೂ ಅಕ್ಕಪಕ್ಕ ನಿಂತ ಫೋಟೋ ಹಾಕಿದ್ದರು. ಇಬ್ಬರ ಬಿಎಂಐ ಒಂದೇ, 22.3. ಆದರೆ ಸ್ಕ್ಯಾನ್ ಮಾಡಿ ದೇಹದ ಕೊಬ್ಬು ಅಳೆದಾಗ ಯುಡ್ಕಿನ್ ಅವರದು ಶೇಕಡಾ 9.1, ಯಾಜ್ಞಿಕ್ ಅವರದು ಶೇಕಡಾ 21.2! ಯುಡ್ಕಿನ್ ಮ್ಯಾರಥಾನ್ ಓಡುವವರು ಅನ್ನುವುದನ್ನೂ ಅವರೇ ಬರೆದುಕೊಂಡಿದ್ದರು, ಹಾಗಾಗಿ ಕಾರಣ ಹುಟ್ಟಿದ ದೇಶ ಒಂದೇ ಅಲ್ಲ. ಆದರೆ ಒಂದು ಮಾತು ಸ್ಪಷ್ಟವಾಯಿತು: ತಕ್ಕಡಿ ಎಷ್ಟು ಕಿಲೋ ಅಂತ ಹೇಳುತ್ತದೆ, ಆ ಕಿಲೋದಲ್ಲಿ ಮಾಂಸಖಂಡ ಎಷ್ಟು, ಕೊಬ್ಬು ಎಷ್ಟು ಅಂತ ಹೇಳುವುದಿಲ್ಲ.

ನಮ್ಮ ದೇಹದ ಈ ಗುಣ ಹುಟ್ಟುವಾಗಲೇ ಇರುತ್ತದೆ ಎಂದೂ ಯಾಜ್ಞಿಕ್ ಅವರ ತಂಡ ತೋರಿಸಿದೆ. ಪುಣೆ ಹತ್ತಿರದ ಹಳ್ಳಿಗಳ ಶಿಶುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳದು 3.5 ಕಿಲೋ. ನಮ್ಮ ಶಿಶುಗಳಲ್ಲಿ ಮಾಂಸಖಂಡ ತುಂಬಾ ಕಡಿಮೆ, ಆದರೆ ಚರ್ಮದಡಿಯ ಕೊಬ್ಬು ಆ ಪ್ರಮಾಣದಲ್ಲಿ ಕಡಿಮೆ ಇರಲಿಲ್ಲ. ಊರಲ್ಲಿ ನಾವು "ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ" ಅಂತ ತಮಾಷೆ ಮಾಡುತ್ತೇವಲ್ಲ, ಅದರ ವಿಜ್ಞಾನ ಇದು. ಹೊಟ್ಟೆಯೊಳಗೆ, ಲಿವರಿನ ಸುತ್ತ ಸೇರುವ ಕೊಬ್ಬು ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ಸಕ್ಕರೆಯನ್ನು ಹೀರಿಕೊಳ್ಳಬೇಕಾದ ಮಾಂಸಖಂಡವೂ ಕಡಿಮೆ. ಎರಡೂ ಸೇರಿ ಶುಗರ್ ಏರುತ್ತದೆ.

ಹಾಗಾದರೆ ನಮ್ಮ ಗೆರೆ ಎಷ್ಟು?

2004ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯಾದವರಿಗೆ 23 ಮತ್ತು 27.5 ಎಂಬ ಎರಡು ಎಚ್ಚರಿಕೆಯ ಗೆರೆಗಳನ್ನು ಸೂಚಿಸಿದರು. ಇಂಗ್ಲೆಂಡಿನ ನೈಸ್ ಸಂಸ್ಥೆ 2013ರಲ್ಲಿ ಅದನ್ನೇ ಒಪ್ಪಿತು: 23 ದಾಟಿದರೆ ಅಪಾಯ ಹೆಚ್ಚು, 27.5 ದಾಟಿದರೆ ತುಂಬಾ ಹೆಚ್ಚು. ಎನ್‌ಎಚ್‌ಎಸ್‌ನ ಬಿಎಂಐ ಕ್ಯಾಲ್ಕುಲೇಟರ್ ಅದಕ್ಕೇ ನಿಮ್ಮ ಮೂಲ ಯಾವುದು ಅಂತ ಕೇಳುತ್ತದೆ. ಭಾರತದ ತಜ್ಞರು 2009ರಲ್ಲಿ ಇನ್ನೂ ಬಿಗಿ ಮಾಡಿದರು: 23ರಿಂದ 24.9 ಹೆಚ್ಚು ತೂಕ, 25 ದಾಟಿದರೆ ಬೊಜ್ಜು.

2021ರಲ್ಲಿ ಇಂಗ್ಲೆಂಡಿನ ಸುಮಾರು 14.7 ಲಕ್ಷ ಜನರ ವೈದ್ಯಕೀಯ ದಾಖಲೆ ನೋಡಿ ಒಂದು ಲೆಕ್ಕ ಹಾಕಿದರು. ಬಿಎಂಐ 30 ಇರುವ ಬಿಳಿಯರಿಗೆ ಸಕ್ಕರೆ ಕಾಯಿಲೆ ಬರುವ ಅಪಾಯ ಎಷ್ಟೋ, ದಕ್ಷಿಣ ಏಷ್ಯಾದವರಿಗೆ ಅಷ್ಟೇ ಅಪಾಯ 23.9ಕ್ಕೇ ಬರುತ್ತದೆ. ಅರಬ್ಬರಿಗೆ 26.6ಕ್ಕೆ. ಅಂದರೆ ನಿಮ್ಮ ಅರಬಾಬ್‌ಗೂ ನಿಮಗೂ ಗೆರೆ ಒಂದೇ ಅಲ್ಲ. ನನ್ನ 24.7 ಅನ್ನು ಈ ಲೆಕ್ಕದಲ್ಲಿ ನೋಡಿದರೆ, ನಾನು ಬಿಳಿಯರ ಬೊಜ್ಜಿನ ಗೆರೆಯನ್ನೇ ದಾಟಿದ ಹಾಗೆ!

ಸುಲಭಕ್ಕೆ ಒಂದು ಪಟ್ಟಿ ಮಾಡಿದ್ದೇನೆ. ಮೊದಲ ತೂಕ 23ರ ಗೆರೆ, ಎರಡನೆಯದು 27.5ರ ಗೆರೆ.

5 ಅಡಿ 2 ಇಂಚು: 57 ಕಿಲೋ, 68 ಕಿಲೋ
5 ಅಡಿ 4 ಇಂಚು: 61 ಕಿಲೋ, 73 ಕಿಲೋ
5 ಅಡಿ 6 ಇಂಚು: 65 ಕಿಲೋ, 77 ಕಿಲೋ
5 ಅಡಿ 8 ಇಂಚು: 69 ಕಿಲೋ, 82 ಕಿಲೋ
5 ಅಡಿ 10 ಇಂಚು: 73 ಕಿಲೋ, 87 ಕಿಲೋ
6 ಅಡಿ: 77 ಕಿಲೋ, 92 ಕಿಲೋ

ಟೇಪಿಗೆ ಮೂವತ್ತು ಸೆಕೆಂಡು ಕೊಡಿ

ಬಿಎಂಐ ಹೊಟ್ಟೆ ನೋಡುವುದಿಲ್ಲ. ಹಾಗಾಗಿ ನೈಸ್ ಸಂಸ್ಥೆ 2022ರಲ್ಲಿ ಇನ್ನೊಂದು ಸುಲಭ ನಿಯಮ ಸೇರಿಸಿತು: ಸೊಂಟದ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಸೊಂಟವನ್ನು ಎತ್ತರದಿಂದ ಭಾಗಿಸಿದಾಗ 0.4ರಿಂದ 0.49 ಬಂದರೆ ಒಳ್ಳೆಯದು. 0.5ರಿಂದ 0.59 ಅಪಾಯ ಹೆಚ್ಚು. 0.6 ದಾಟಿದರೆ ಇನ್ನೂ ಹೆಚ್ಚು. ಗಂಡು ಹೆಣ್ಣು, ಬಿಳಿಯರು ಕರಿಯರು ನಮ್ಮವರು, ಎಲ್ಲರಿಗೂ ಒಂದೇ ಲೆಕ್ಕ. ಬಿಎಂಐ 35ಕ್ಕಿಂತ ಕಡಿಮೆ ಇರುವವರಿಗೆ ಇದು ಅನ್ವಯ. ನನ್ನದು 94 ÷ 170 = 0.55. ಇರಬೇಕಾದ್ದು 85 ಸೆಂಟಿಮೀಟರಿಗಿಂತ ಕಡಿಮೆ. ಭಾರತೀಯರಿಗೆ ಸೊಂಟದ ನೇರ ಗೆರೆಯೂ ಉಂಟು: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80.

ಅಳೆಯುವಾಗ ಜಾಗ ಮುಖ್ಯ. ಕೆಳಗಿನ ಪಕ್ಕೆಲುಬಿನ ತುದಿ ಮತ್ತು ಸೊಂಟದ ಮೂಳೆಯ ಮೇಲ್ತುದಿ, ಇವೆರಡರ ಮಧ್ಯದಲ್ಲಿ ಟೇಪು ಸುತ್ತಿ. ಬಟ್ಟೆಯ ಮೇಲೆ ಬೇಡ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಸಹಜವಾಗಿ ಉಸಿರು ಬಿಟ್ಟು ನೋಡಿ. "ನನ್ನ ಪ್ಯಾಂಟು 34, ಹಾಗಾಗಿ ಸೊಂಟ 34" ಅನ್ನುವ ಲೆಕ್ಕ ಬೇಡವೇ ಬೇಡ. ಹೊಟ್ಟೆ ಬಂದವರೆಲ್ಲ ಬೆಲ್ಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತೇವೆ. ನನ್ನ ಪ್ಯಾಂಟೂ 34, ಟೇಪು ತೋರಿಸಿದ್ದು 37.

ಯಾರಿಗೆ ಈ ಲೆಕ್ಕ ಸರಿ ಬರುವುದಿಲ್ಲ?

18 ವರ್ಷದೊಳಗಿನ ಮಕ್ಕಳಿಗೆ ವಯಸ್ಸಿನ ಪ್ರಕಾರ ಬೇರೆ ಚಾರ್ಟ್ ಇದೆ, ಈ ಗೆರೆಗಳನ್ನು ಹಾಕಬೇಡಿ. ಗರ್ಭಿಣಿಯರಿಗೂ ಬೇಡ. ಜಿಮ್ ಮಾಡಿದವರು, ವರ್ಷಗಟ್ಟಲೆ ಸೈಟಿನಲ್ಲಿ ಭಾರ ಹೊತ್ತು ಗಟ್ಟಿಯಾದವರಿಗೆ ಮಾಂಸಖಂಡದಿಂದಲೇ ಬಿಎಂಐ ಹೆಚ್ಚು ಬರಬಹುದು. ಅಂಥವರ ನಿಜವನ್ನು ಟೇಪು ಹೇಳುತ್ತದೆ. ವಯಸ್ಸಾದವರಲ್ಲಿ ಮಾಂಸಖಂಡ ಕರಗಿ ಬಿಎಂಐ ಚೆನ್ನಾಗಿ ಕಾಣಬಹುದು, ಅದು ಸಂತೋಷದ ವಿಷಯ ಅಲ್ಲ. ಪ್ರಯತ್ನ ಮಾಡದೆ ತೂಕ ಇಳಿಯುತ್ತಿದ್ದರೆ, ಜತೆಗೆ ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ಲೆಕ್ಕ ಬಿಟ್ಟು ಬೇಗ ಡಾಕ್ಟರ ಹತ್ತಿರ ಹೋಗಿ.

ಗೆರೆ ದಾಟಿದ್ದೀರಿ, ಮುಂದೇನು?

ಬಿಎಂಐ ಕಾಯಿಲೆ ಅಲ್ಲ, ಒಂದು ಸೂಚನೆ. 23 ದಾಟಿದೆ ಅಥವಾ ಸೊಂಟ ಅರ್ಧಕ್ಕಿಂತ ಜಾಸ್ತಿ ಇದೆ ಅಂದರೆ ಮೂರು ವಿಷಯ ನೋಡಿಸಿ: ಎಚ್‌ಬಿಎ1ಸಿ, ಬಿಪಿ, ಕೊಲೆಸ್ಟರಾಲ್. ಎಚ್‌ಬಿಎ1ಸಿ ಅಂದರೆ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ. ಊಟ ಬಿಟ್ಟು ಹೋಗಬೇಕಿಲ್ಲ. 6.5 ಅಥವಾ ಹೆಚ್ಚು ಬಂದರೆ ಸಕ್ಕರೆ ಕಾಯಿಲೆಯ ಮಟ್ಟ. ಇಂಗ್ಲೆಂಡಿನಲ್ಲಿ 6.0ರಿಂದ 6.4ನ್ನು ಅಂಚಿನಲ್ಲಿರುವವರು ಅನ್ನುತ್ತಾರೆ. ಅಮೆರಿಕದ ಮಾನದಂಡ ಬಳಸುವ ಲ್ಯಾಬುಗಳಲ್ಲಿ 5.7ರಿಂದಲೇ ಎಚ್ಚರಿಕೆ. ಇಲ್ಲಿ ರಿಪೋರ್ಟು ಬೇರೆ ಅಳತೆಯಲ್ಲಿ ಬರುತ್ತದೆ, ನನ್ನದು 44 ಇತ್ತು. ಅಂದರೆ ನಿಮ್ಮ ಲೆಕ್ಕದಲ್ಲಿ 6.2.

ಗಲ್ಫ್ ವೀಸಾ ಮೆಡಿಕಲ್‌ನಲ್ಲಿ ಫಿಟ್ ಅಂತ ಬಂದದ್ದನ್ನು ಇದಕ್ಕೆ ಸಾಕ್ಷಿ ಮಾಡಬೇಡಿ. ಅದು ಮುಖ್ಯವಾಗಿ ಟಿಬಿಯಂಥ ಅಂಟುರೋಗ ನೋಡುವುದಕ್ಕೆ ಇರುವುದು.

ತೂಕ ಇಳಿಯದಿದ್ದರೆ ಎಲ್ಲ ವ್ಯರ್ಥ ಅಂತ ಕೈಬಿಡುವವರಿಗೆ ಒಂದು ಸಮಾಧಾನದ ಸಂಗತಿ. ಚೆನ್ನೈಯ ಡಾ. ಎ. ರಾಮಚಂದ್ರನ್ ಅವರ ತಂಡ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಭಾರತೀಯರನ್ನು ಸೇರಿಸಿಕೊಂಡು ಮೂರು ವರ್ಷ ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿತು. ಸುಮ್ಮನಿದ್ದವರಲ್ಲಿ ನೂರಕ್ಕೆ 55 ಮಂದಿಗೆ ಕಾಯಿಲೆ ಬಂತು. ನಡಿಗೆ ಮತ್ತು ಊಟದ ಶಿಸ್ತು ಪಾಲಿಸಿದವರಲ್ಲಿ ನೂರಕ್ಕೆ 39. ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ, ಆದರೂ ಲಾಭ ಸಿಕ್ಕಿತು. ಹಾಗಾಗಿ ಮಷೀನಿನ ಮುಳ್ಳು ಅಲ್ಲಾಡದಿದ್ದರೂ ನಡೆಯುವುದನ್ನು ನಿಲ್ಲಿಸಬೇಡಿ.

ವಾರಕ್ಕೆ 150 ನಿಮಿಷ ಚುರುಕು ನಡಿಗೆ ಅಂತ ಡಾಕ್ಟರುಗಳು ಹೇಳುತ್ತಾರೆ, ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಬೇಸಿಗೆಯಲ್ಲಿ ಹೊರಗೆ ಆಗದು, ಗೊತ್ತು. ರಾತ್ರಿ ಹೊತ್ತು, ಅಥವಾ ಮಾಲ್‌ನ ಎಸಿಯಲ್ಲಿ ನಡೆಯಬಹುದು. ರೂಮಿನಲ್ಲಿ ರಾತ್ರಿ ಹನ್ನೊಂದಕ್ಕೆ ತಟ್ಟೆ ತುಂಬ ಅನ್ನ ಉಂಡು ಹಾಗೇ ಮಲಗುವುದು ನಮ್ಮೆಲ್ಲರ ಅಭ್ಯಾಸ. ಅನ್ನ ಅರ್ಧ ಮಾಡಿ, ಮೀನು, ಬೇಳೆ, ತರಕಾರಿ ಜಾಸ್ತಿ ಮಾಡಿ. ಚಹಾದ ಲೆಕ್ಕ ಕೇಳಿ: ದಿನಕ್ಕೆ ನಾಲ್ಕು ಕರಕ್ ಚಾಯ್, ಒಂದಕ್ಕೆ ಎರಡು ಚಮಚ ಸಕ್ಕರೆ, ಚಮಚಕ್ಕೆ 4 ಗ್ರಾಂ. ದಿನಕ್ಕೆ 32 ಗ್ರಾಂ, ತಿಂಗಳಿಗೆ 960 ಗ್ರಾಂ. ಹತ್ತಿರ ಹತ್ತಿರ ಒಂದು ಕಿಲೋ ಸಕ್ಕರೆಯನ್ನು ಚಹಾದಲ್ಲೇ ಕುಡಿಯುತ್ತಿದ್ದೇವೆ! ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಊಟ ಬದಲಾಯಿಸುವ ಮೊದಲು ಡಾಕ್ಟರನ್ನು ಕೇಳಿ.

ಕೊನೆಗೊಂದು ಮಾತು

ನನ್ನ ರಿಪೋರ್ಟು ಬಂದ ದಿನ ಶಾರ್ಜಾದ ಹಳೇ ರೂಮ್‌ಮೇಟ್‌ಗೆ ಫೋನ್ ಮಾಡಿದೆ. ಬಂಟ್ವಾಳ ಕಡೆಯವರು, ನನಗಿಂತ ನಾಲ್ಕು ವರ್ಷ ದೊಡ್ಡವರು. ಎತ್ತರ 5 ಅಡಿ 5 ಇಂಚು, ತೂಕ 68 ಕಿಲೋ. "ನನ್ನದು 24.9 ಮಾರಾಯ, ಆ್ಯಪಲ್ಲಿ ಹಸಿರು ತೋರಿಸ್ತದೆ" ಅಂದರು. ಟೇಪು ಹಿಡಿಸಿದೆ, ಸೊಂಟ 38 ಇಂಚು. ಅವರ ಎತ್ತರದ ಅರ್ಧ 32 ವರೆ. ಅವರ ತಂದೆಗೆ ಶುಗರ್ ಇತ್ತು, ಅಣ್ಣನಿಗೂ ಉಂಟು. "ಟೆಸ್ಟ್ ಮಾಡಿಸಿ" ಅಂದರೆ, "ಊರಿಗೆ ಹೋದಾಗ ನೋಡುವ" ಅಂದರು.

ಊರಿಗೆ ಹೋದಾಗ ಮದುವೆ, ಮನೆ ರಿಪೇರಿ, ಬ್ಯಾಂಕು, ನೆಂಟರು. ಮೂವತ್ತು ದಿನ ಹೇಗೆ ಹೋಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಈ ಬಾಕಿಯನ್ನು ನಾವು ವರ್ಷದಿಂದ ವರ್ಷಕ್ಕೆ ಮುಂದಕ್ಕೆ ಬರೆದುಕೊಂಡು ಹೋಗುತ್ತೇವೆ. ಶುಗರ್ ಮಾತ್ರ ಕಾಯುವುದಿಲ್ಲ. ನೋವಿಲ್ಲದೆ ಕಣ್ಣು, ಕಿಡ್ನಿ, ಕಾಲಿನ ನರಗಳ ಮೇಲೆ ಕೆಲಸ ಮಾಡುತ್ತಾ ಇರುತ್ತದೆ. ಮನೆಯವರೆಲ್ಲ ನಿಂತಿರುವುದು ನಮ್ಮ ದುಡಿಯುವ ದೇಹದ ಮೇಲೆ.

ಮೂರು ದಿನ ಬಿಟ್ಟು ಮತ್ತೆ ಫೋನ್ ಮಾಡಿದೆ. ಆಮೇಲೆ ಇನ್ನೊಂದು ಸಲ. ಕೊನೆಗೆ ನನ್ನ ಕಾಟ ತಾಳಲಾರದೆ ಒಂದು ಶುಕ್ರವಾರ ಕ್ಲಿನಿಕ್ಕಿಗೆ ಹೋಗಿ ರಕ್ತ ಕೊಟ್ಟು ಬಂದರು. ಎಚ್‌ಬಿಎ1ಸಿ 7.1. ಈಗ ಮಾತ್ರೆ ಶುರುವಾಗಿದೆ, ರಾತ್ರಿ ನಡೆಯುತ್ತಾರೆ. "ಆ ಹಸಿರು ನಂಬಿ ಕೂತಿದ್ದೆ ನೋಡು" ಅಂತ ಹೇಳುತ್ತಾರೆ.

ನಾನು 66 ಕಿಲೋಗೆ ಬರಬೇಕು. ಇವತ್ತು 69.2. ನೀವೂ ಇವತ್ತೇ ರೂಮಿನಲ್ಲಿ ಒಂದು ಟೇಪು ಹುಡುಕಿ, ಪಕ್ಕದ ಬೆಡ್ಡಿನವರದ್ದೂ ಅಳೆಯಿರಿ. 23 ದಾಟಿದ್ದರೆ, ಸೊಂಟ ಎತ್ತರದ ಅರ್ಧ ದಾಟಿದ್ದರೆ, ಮುಂದಿನ ರಜೆಯ ದಿನವೇ ರಕ್ತ ಕೊಟ್ಟು ಬನ್ನಿ.